ಆಯಿಗೆ ಬಂದ ಸೇಬಿನ ಜಡ್ಡು

ಮೊಮ್ಮಕ್ಕಳೇ, ಶ್ರೇಯಾ, ಬಸೂ, ಎದುರಿಗೆ ಕೂತು ಹೇಳಲು ನನಗೆ ಮೊದಲಿನಿಂದಲೂ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ಎಪ್ಪತ್ತರ ದಶಕದ ಆರಂಭ. ನಾನು ಯರಗುಪ್ಪಿಯ ಬಾಲವಾಡಿಗೆ ಹೋಗುತ್ತಿದ್ದ ಆ ದಿನಗಳಲ್ಲಿ ಸೇಬು ಅಂದರೆ ಗೋಡೆಯ ಪಟದಲ್ಲಿನ ಒಂದು ಚಿತ್ರ. ನಿಜವಾದ ಸೇಬು ಮನೆಗೆ ಬರಬೇಕಾದರೆ ಯಾರಾದರೂ ಹುಬ್ಬಳ್ಳಿಯ ದವಾಖಾನೆ ಸೇರಬೇಕಿತ್ತು. ನೋಡಲು ಹೋಗುವ ಬೀಗರು ಒಯ್ಯುತ್ತಿದ್ದ ಹಣ್ಣು ಅದು. ಗಟ್ಟಿಮುಟ್ಟಾಗಿ ಇದ್ದವರು ಸೇಬು ತಿಂದದ್ದನ್ನು ನಾವು ಕಂಡಿರಲಿಲ್ಲ.

ಹತ್ತಿ ಬಿಡಿಸುವ ಕಾಲ. ಪಕ್ಕದ ಮನೆಯ ನೀಲಾಳ ಅಜ್ಜನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಸೋಮವಾರ ಅವಳು ಫ್ರಾಕಿನ ಮಡಿಲಲ್ಲಿ ಒಂದು ಸೇಬು ಇಟ್ಟುಕೊಂಡು ಬಾಲವಾಡಿಗೆ ಬಂದಳು. ಕಲಿಸುತ್ತಿದ್ದ ಅಕ್ಕೋರು ಹಿಗ್ಗಿಬಿಟ್ಟರು.

"ತಿಂದ ಬಿಡಬ್ಯಾಡ ನೀಲಾ. ಶನಿವಾರತನಾ ಇದರ ಮ್ಯಾಲೇ ಪಾಠ ಮಾಡೂಣು. ಆಮ್ಯಾಲೆ ಎಲ್ಲಾರೂ ಹಂಚಕೊಂಡು ತಿನ್ನೂಣು."

ಆ ವಾರವೆಲ್ಲ ಸೇಬಿನದೇ ಆಟ. ಕೆಂಪಗಿದ್ದದ್ದನ್ನೆಲ್ಲ ಹುಡುಕಿ ತಂದು ಅದರ ಸುತ್ತ ಜೋಡಿಸಿದೆವು: ಒಣಮೆಣಸಿನಕಾಯಿ, ಬಳೆಚೂರು, ಹೆಂಚಿನ ತುಂಡು. ಬಕೆಟ್ ನೀರಿನಲ್ಲಿ ಕಲ್ಲು ಮುಳುಗಿತು, ಬಟಾಟೆ ಮುಳುಗಿತು, ಸೇಬು ತೇಲಿತು. ಕಣ್ಣು ಕಟ್ಟಿಸಿಕೊಂಡು ವಾಸನೆಯ ಮೇಲೆ ಹೆಸರು ಹೇಳಿದೆವು. ಆ ತಂಪು ವಾಸನೆ ನನ್ನ ಮೂಗಿಗೆ ಬಂದಾಗ, ಗೊತ್ತಾಗದವಳ ಹಾಗೆ ಬೇಕೆಂದೇ ಬಹಳ ಹೊತ್ತು ಮೂಸುತ್ತ ಕೂತೆ.

ಹಣ್ಣು ಹಿಡಿದ ಕೈ ಮಾತ್ರ ಯಾವಾಗಲೂ ನೀಲಾಳದೇ. ಗೋವಿನಜೋಳದ ಉಪ್ಪಿಟ್ಟು ತಿನ್ನುವಾಗಲೂ ಅದನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಳ್ಳುತ್ತಿದ್ದಳು. ಒಮ್ಮೆ ನಾನು ಮೆಲ್ಲಗೆ ಬೆರಳು ಚಾಚಿದೆ.

"ಮುಟ್ಟಬ್ಯಾಡ ಲೇ! ನಿಮ್ಮನ್ಯಾಗ ಯಾರಿಗೂ ಜಡ್ಡಿಲ್ಲ, ನಿನಗೆಲ್ಲಿ ಸೇಬು ಬರಬೇಕು?" ಅಂದಳು.

ಸಂಜೆ ರೊಟ್ಟಿ ಬಡಿಯುತ್ತಿದ್ದ ಆಯಿಯ ಹತ್ತಿರ ಹೋದೆ. ಆಯಿ ಅಂದರೆ ನನ್ನ ಅಪ್ಪನ ತಾಯಿ.

"ಆಯಿ, ನೀ ಯಾವಾಗ ಜಡ್ಡ ಬೀಳ್ತಿ ಬೇ?"

ಆಯಿಯ ಕೈ ನಿಂತಿತು. "ಯಾಕ ಬೇ, ನನ್ನ ಮಣ್ಣಿಗೆ ಕಳಸೂ ಗಡಿಬಿಡಿ ಐತೇನು?"

ಅಳುತ್ತ ಎಲ್ಲವನ್ನೂ ಹೇಳಿದೆ. ಆಯಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮರುದಿನ ಹತ್ತಿ ಬಿಡಿಸಲು ಹೋಗದೆ ಕೌದಿ ಹೊದ್ದು ಮಲಗಿಯೇ ಬಿಟ್ಟಳು.

"ಸೇಬ ಬಂದ್ರ ನಿನಗ. ಬಾಯಿ ಮುಚ್ಚಿಕೊಂಡು ಬಾಜೂಕ ಕುಂಡ್ರು."

ಓಣಿಯವರು ಬಂದರು. ಒಬ್ಬರು ಗಂಜಿ ತಂದರು, ಇನ್ನೊಬ್ಬರು ಲಿಂಬೆಹಣ್ಣು. ಕೊನೆಗೆ ನೀಲಾಳ ಅವ್ವ ಸೆರಗಿನಡಿ ಏನೋ ಮುಚ್ಚಿಕೊಂಡು ಬಂದಳು. ಅವರ ಮನೆಯಲ್ಲಿ ಸೇಬು ಇನ್ನೂ ಉಳಿದಿದ್ದವು. ನಾನು ಮುಂದಕ್ಕೆ ಬಾಗಿ ನೋಡಿದೆ. ಸೆರಗಿನಡಿಯಿಂದ ಹೊರಬಂದದ್ದು ಒಂದು ತಂಬಿಗೆ ಕಿರಾತಕಡ್ಡಿಯ ಕಷಾಯ.

"ಕುಡೀರಿ ಅತ್ತಿ. ಪೂರಾ ಕುಡೀರಿ. ನಾ ಇಲ್ಲೇ ನಿಂತಿರತೀನಿ."

ಆಯಿ ತಂಬಿಗೆಯ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತ ಕುಡಿದಳು. ಅಂಥ ಕಹಿ ಮುಖವನ್ನು ಮತ್ತೆ ನೋಡಿಲ್ಲ.

ಸಂಜೆ ಹೊಲದಿಂದ ಬಂದ ಅವ್ವ ಗೊಣಗಿದಳು. "ಹತ್ತಿ ಬಿಡಸೂ ಹೊತ್ತಿನ್ಯಾಗ ಅದೆಂಥಾ ಜಡ್ಡ ಬಂತ್ರಿ ಅತ್ತಿ?"

"ಬಂದಿತ್ತು. ಹೋತು," ಅಂದಳು ಆಯಿ.

ಶನಿವಾರ ಅಕ್ಕೋರು ಸೇಬನ್ನು ಅಡ್ಡಡ್ಡ ಕೊಯ್ದರು. ಒಳಗೆ ಆಕಾಶದ ಚುಕ್ಕೆಯ ಆಕಾರದಲ್ಲಿ ಬೀಜ ಕೂತಿದ್ದವು. ನಾವು ಮುಗಿಬಿದ್ದು ನೋಡಿದೆವು. ತೆಳುವಾದ ಹೋಳುಗಳನ್ನು ನೀಲಾಳೇ ಹಂಚಿದಳು. "ತಗೋ, ನಮ್ಮಜ್ಜಂದು," ಅಂದಳು. ಅವಳೆದುರು ತಿನ್ನಲು ನನಗೆ ಮನಸ್ಸಾಗಲಿಲ್ಲ. ಮುಷ್ಟಿಯಲ್ಲಿ ಹಿಡಿದು ಮನೆಗೆ ಓಡಿದೆ. ಕಷಾಯ ಕುಡಿದವಳು ಆಯಿ. ಅವಳನ್ನು ಬಿಟ್ಟು ಹೇಗೆ ತಿನ್ನಲಿ?

ಮನೆ ಮುಟ್ಟುವಷ್ಟರಲ್ಲಿ ಹೋಳು ಕಂದಾಗಿತ್ತು. ಆಯಿ ಅರ್ಧ ಮುರಿದು ಒಸಡಿನಲ್ಲಿ ಹೊರಳಿಸಿದಳು.

"ಥೂ, ಸಪ್ಪಗೈತಲ್ಲ ಬೇ! ಇದಕ್ಕೇನ ನಾ ತಂಬಿಗಿ ಕಷಾಯ ಕುಡದದ್ದು?"

ಉಳಿದರ್ಧ ನನ್ನದು. ನನಗದು ಸಪ್ಪೆ ಅನಿಸಲೇ ಇಲ್ಲ. ಹಾಗಂತ ಹೊಟ್ಟೆಯ ಉರಿ ಆರಲಿಲ್ಲ. ಬೀಜಗಳೂ ನೀಲಾಳಿಗೇ ಹೋದವು. ಅವಳು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಊರಿದಳು. ದಿನಾ ಬೆಳಿಗ್ಗೆ ಹೋಗಿ ಇಣುಕುತ್ತಿದ್ದೆ. ಏನೂ ಮೊಳೆಯಲಿಲ್ಲ. ಹಾಯ್ ಅನಿಸಿತು.

ಈಗ ನಿಮ್ಮ ಫ್ರಿಜ್ಜಿನಲ್ಲಿ ವರ್ಷವಿಡೀ ಸೇಬು. ನೀವು ಅರ್ಧ ಕಚ್ಚಿ ಬಿಟ್ಟರೂ ನಾನು ಏನೂ ಅನ್ನುವುದಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ಯಾವುದೂ ಅಷ್ಟು ಬೇಕು ಅನಿಸಿಲ್ಲ. ಅನಿಸಿದರೂ ಯಾರಿಗೆ ಹೇಳಲಿ? ನನ್ನ ಹೊಟ್ಟೆಕಿಚ್ಚನ್ನು ಕೇಳಿ, ನಕ್ಕು, ಅದಕ್ಕಾಗಿ ಸುಳ್ಳೇ ಜಡ್ಡು ಬಿದ್ದವಳು ಆಯಿ ಒಬ್ಬಳೇ. ಈ ಹಾಳೆಗಳನ್ನು ಜೋಪಾನ ಮಾಡಿ ಮಕ್ಕಳೇ. ಅವಳದೊಂದು ಫೋಟೋ ಕೂಡ ನಮ್ಮಲ್ಲಿ ಇಲ್ಲ.