ಹಡಗಿನ ಮೇಲಿದ್ದ ಸಾಲು

ಮೂರು ವರ್ಷದ ಹಿಂದೆ, ಒಂದು ಗುರುವಾರ ಬೆಳಗ್ಗೆ ಹನ್ನೊಂದಕ್ಕೆ, ನಾನು ನಾಗಪುರದ ಇತವಾರಿಯಲ್ಲಿ ರತ್ನಗಂಬಳಿ ರಿಪೇರಿ ಮಾಡುವ ಮುದುಕರೊಬ್ಬರ ಅಂಗಡಿಯ ಎರಡನೇ ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ನನ್ನ ಹಳೆಯ ಪರ್ಷಿಯನ್ ಗಂಬಳಿ ಹಾಸಿತ್ತು; ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ಅವರ ಹೆಂಡತಿ ಕೂತಿದ್ದರು. ಅದರಲ್ಲಿ ಮಹಾಪ್ರಳಯದಿಂದ ಜೀವಿಗಳನ್ನು ಉಳಿಸಿದ ಪ್ರವಾದಿ ನೂಹರ ಹಡಗು, ಹಡಗಿನ ತುಂಬ ಪ್ರಾಣಿಗಳು, ಮೇಲಂಚಿಗೆ ಬಳ್ಳಿಯಂಥ ಒಂದು ಸಾಲು. ಬಳ್ಳಿಯೆಂದೇ ತಿಳಿದು, ಚಿತ್ರವನ್ನಷ್ಟೇ ಅಳೆದು ಚೌಕಟ್ಟು ಮಾಡಿಸಿಬಿಟ್ಟಿದ್ದೆ; ಹೊರಗುಳಿದ ಆ ಅಂಚನ್ನು ಕತ್ತರಿಸಿ ಕೊಡಿ ಎಂದು ಕೇಳಲು ಬಂದಿದ್ದೆ.

“ಇದು ಬಳ್ಳಿಯಲ್ಲ ಸಾಹೇಬ್, ಅಕ್ಷರ. ದುವಾ ಇದು. ಹಡಗಿನವರನ್ನು ಕಾಪಾಡು ಅಂತ ಬೇಡಿಕೊಂಡಿದ್ದಾರೆ. ಕತ್ತರಿ ಹಾಕೋದು ಬೇಡ, ಬೇರೆ ಚೌಕಟ್ಟು ಮಾಡಿಸಿ,” ಎಂದರು ಮುದುಕರು.

“ಚೌಕಟ್ಟು ಆಗಿಹೋಗಿದೆ ಚಾಚಾ. ನೀವು ಒಲ್ಲೆ ಅಂದ್ರೆ ಬೇರೆಯವರ ಹತ್ರ ಮಾಡಿಸ್ತೀನಿ,” ಎಂದೆ.

ಬೇರೆಯವರು ಅಕ್ಷರಗಳನ್ನು ತುಂಡರಿಸಿಯಾರೆಂದು ಹೆದರಿ ಅವರು ಎದ್ದರು. ಕೈಕಾಲು ತೊಳೆದು ಬಂದು, ಒಂದಕ್ಷರವೂ ಕೆಡದಂತೆ ಅಂಚನ್ನು ಬೇರ್ಪಡಿಸಿದರು. ಅದನ್ನು ಕಸಕ್ಕೆ ಹಾಕುವಂತಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ, ಹರಿಯುವ ನೀರಿಗೆ ಬಿಡಲು ಕನ್ಹಾನ್ ನದಿಗೆ ಹೊರಟರು. ನಾನು ಜೊತೆಗೂ ಹೋಗಲಿಲ್ಲ.

ಹಡಗು ಈಗಲೂ ನಮ್ಮ ಗೋಡೆಯ ಮೇಲಿದೆ, ಆ ಸಾಲಿಲ್ಲದೆ. ಒಲ್ಲೆ ಎಂದವರ ಕೈಯಿಂದಲೇ ಅದನ್ನು ತೆಗೆಸಿದವನು ನಾನು. ಅವರು ಹೋದ ವರ್ಷ ತೀರಿಕೊಂಡರು. ಅಂದು ಗಂಬಳಿಯ ಇನ್ನೊಂದು ತುದಿ ಹಿಡಿದು ಕೂತು ಎಲ್ಲವನ್ನೂ ನೋಡಿದ ಅವರ ಹೆಂಡತಿ ಇನ್ನೂ ಇದ್ದಾರೆ; ತಪ್ಪೊಪ್ಪಿಕೊಳ್ಳುವುದಾದರೆ ಇನ್ನು ಅವರ ಮುಂದೆಯೇ.