ಕಂಪ್ಯೂಟರಿಗೆ ಹೊಲಿದ ಕೌದಿ

ಇವತ್ತು ಕಲಬುರಗಿಯ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಬ್ರಷ್ ಆಡಿಸಿದೆ. ಕಾದ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೆಳೆದ ಕಮಲಾಪುರದ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು.

ಅಪ್ಪ ಅಲ್ಲಿ ಕೂತು ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದ. ಅಂಗಳದಲ್ಲಿ ತೊಗರಿ ಕೇರಿದರೆ ಹೊಟ್ಟು, ಧೂಳು ಎಲ್ಲ ಒಳಗೇ ಬರುತ್ತಿತ್ತು. ಅದಕ್ಕೆಂದೇ ಅವ್ವ ಹಳೇ ಇಳಕಲ್ ಸೀರೆ, ಅಪ್ಪನ ಧೋತರದ ತುಂಡು ಸೇರಿಸಿ ಕಂಪ್ಯೂಟರಿನ ಡಬ್ಬಿಗೆ ದಪ್ಪನೆಯ ಕೌದಿ ಹೊಲಿದಿದ್ದಳು. ಅದು ನಡೆಯುವಾಗಲೂ ಹೊದ್ದುಕೊಂಡೇ ಇರಬೇಕು.

ಒಮ್ಮೆ ಓಣಿಯ ಶಿವಮ್ಮನ ಮಗಳ ಪತ್ರಿಕೆ ಅರ್ಧ ಆಗುತ್ತಲೇ ಕಂಪ್ಯೂಟರ್ ತಾನಾಗಿ ಆರಿತು. ಹಚ್ಚಿದರೆ ಮತ್ತೆ ಆರಿತು. ಸಂಜೆ ಬಸ್ಸಿಗೆ ಅಪ್ಪ ಆ ಪತ್ರಿಕೆಯನ್ನು ಕಲಬುರಗಿಯ ಪ್ರೆಸ್ಸಿಗೆ ಒಯ್ಯಬೇಕಿತ್ತು.

“ನಿಮ್ಮ ಪತ್ರಿಕಿ ಬರೋದ್ರಾಗ ನನ್ನ ಮಗಳು ಹಡದಿರ್ತಾಳ ನೋಡ್ರಿ ಅಣ್ಣಾರ,” ಶಿವಮ್ಮ ಕಟ್ಟೆಯ ಮೇಲಿಂದಲೇ ಅಂದಳು.

ಅಪ್ಪ ಅವ್ವನ ಕಡೆ ತಿರುಗಿದ. “ಆ ಕೌದಿ ತಗಿ. ಅದಕ್ಕ ಗಾಳಿ ಬೇಕು.”

“ತಗದ್ರ ಒಳಗ ಧೂಳು ಹೋಗ್ತದ್ರೀ. ಒರಸಾಕಿ ನಾನು, ನೀವಲ್ಲ.”

ಹಾಗನ್ನುತ್ತಲೇ ಅವ್ವ ಕೌದಿಯೊಳಗೆ ಕೈ ಹಾಕಿದಳು. “ಅಯ್ಯ, ಕೆಂಡ ಆಗ್ಯಾದಲ್ಲ ಇದು!”

ಕೂಡಲೇ ಕೌದಿ ಎಳೆದು, ಸೈಕಲ್ ಪಂಪಿನಿಂದ ತಾನೇ ಹೊಟ್ಟು ಹಾರಿಸಿದಳು. ತಣ್ಣಗಾದ ಮೇಲೆ ಕಂಪ್ಯೂಟರ್ ನಡೆಯಿತು, ಪತ್ರಿಕೆ ಬಸ್ಸು ಹತ್ತಿತು. ಮರುದಿನ ಅವ್ವ ಕೌದಿಯ ಹಿಂಬದಿಯನ್ನು ಕತ್ತರಿಸಿ ತೆಗೆದು, ಅಂಚು ಹೊಲಿದಳು.

ನಾನು ಬ್ರಷ್ ಕೆಳಗಿಟ್ಟು, ಕೈ ತೊಳೆದು ತೊಟ್ಟಿಲ ಹತ್ತಿರ ಹೋದೆ. ರಾತ್ರಿಯೆಲ್ಲ ನನ್ನನ್ನೂ ಮಲಗಗೊಡದ ಮಗಳು ಈಗ ನಿದ್ದೆಯಲ್ಲಿದ್ದಳು. ಥಂಡಿಯಾದೀತೆಂದು ಈ ಬಿಸಿಲಲ್ಲೂ ಸ್ವೆಟರ್, ಕುಲಾಯಿ ಎರಡೂ ಹಾಕಿದ್ದೆ. ಕತ್ತು ಬೆವರಿತ್ತು. ಕುಲಾಯಿಯ ಗಂಟು ಬಿಚ್ಚಿದೆ.