ಹಗರಿಯ ಮರಳಿನಲ್ಲಿ ತಿರುಗದ ಚಕ್ರ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಳ್ಳಾರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಜೀಪಿನ ಡ್ರೈವರ್ ಆಗಿದ್ದೆ. ಕಚೇರಿಗೆ ಹೊಸ ಜೀಪು ಬಂದ ವರ್ಷದ ಬೇಸಿಗೆಯಲ್ಲಿ ನಡೆದದ್ದು ಇದು. ಜೀಪು ಮರಳಿನಲ್ಲಿ ಹೂತ ಕತೆಯನ್ನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ಪ್ರತಿ ಸಲವೂ ಒಂದು ಭಾಗ ಬಿಟ್ಟು ಹೇಳಿದ್ದೇನೆ. ಈಗ ಆ ಭಾಗವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹಳೆಯ ಜೀಪಿನಲ್ಲಿ ಗೇರಿನ ಪಕ್ಕದ ಸಣ್ಣ ಕಡ್ಡಿಯನ್ನು ಎಳೆದರೆ ಸಾಕಿತ್ತು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುತ್ತಿತ್ತು. ಹೊಸದರಲ್ಲಿ ಇನ್ನೊಂದು ಕೆಲಸ ಇತ್ತು. ಮುಂದಿನ ಎರಡು ಚಕ್ರಗಳ ನಟ್ಟನಡುವೆ ಬೆರಳುಗಳಿಂದ ಹಿಡಿದು ತಿರುವುವಂಥ ಒಂದೊಂದು ಬಿಲ್ಲೆ ಇತ್ತು. ಗಾಡಿ ತಂದ ದಿನವೇ ಮೆಕ್ಯಾನಿಕ್ ಅದನ್ನು ತೋರಿಸಿದ್ದ.

"ಮೊದಲ ಕೆಳಗ ಇಳಿ. ಎರಡೂ ಬಿಲ್ಲಿ ತಿರುವು. ಆಮ್ಯಾಲ ಹತ್ತಿ ಕಡ್ಡಿ ಎಳಿ. ಬಿಲ್ಲಿ ತಿರುವಲಿಲ್ಲಂದ್ರ ಮುಂದಿನ ಗಾಲಿ ಬೀಗರು ಬಂದಂಗ ಬರತಾವ ಲೇ. ಜೊತಿಗಿರತಾವ, ಕೆಲಸಕ್ಕ ಕೈ ಹಚ್ಚಂಗಿಲ್ಲ."

ನಾನು ನಕ್ಕೆ, ತಲೆಯಾಡಿಸಿದೆ. ಬಳ್ಳಾರಿಯ ರಸ್ತೆಗಳಲ್ಲಿ ಅದರ ಅಗತ್ಯ ಬೀಳಲಿಲ್ಲ. ಊಟಕ್ಕೆಂದು ಪಾರ್ವತಿನಗರದ ನಮ್ಮ ಮನೆಯ ಮುಂದೆ ಜೀಪು ನಿಲ್ಲಿಸಿದಾಗ ಓಣಿಯವರು ಸುತ್ತ ಸೇರುತ್ತಿದ್ದರು. ಕೂತಲ್ಲಿಂದಲೇ ಕಡ್ಡಿ ಎಳೆದು ತೋರಿಸಿ, "ನಾಲ್ಕೂ ಎಳಿತಾವ, ಗ್ವಾಡಿ ಬೇಕಾದ್ರ ಹತ್ತತೈತಿ" ಅನ್ನುತ್ತಿದ್ದೆ. ಬಿಲ್ಲೆಗಳನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಆ ದಿನ ಬೆಳಿಗ್ಗೆ ನಮ್ಮ ಸಾಹೇಬರಿಗೆ ಕುರುಗೋಡಿನಲ್ಲಿ ಕೆಲಸ. ಅದು ಮುಗಿಯುವಾಗ ಹನ್ನೊಂದು ದಾಟಿತ್ತು. ಅಲ್ಲಿಂದ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಬೇಕಿತ್ತು, ಹಗರಿ ಹೊಳೆಯ ಆಚೆ ದಡಕ್ಕೆ. ಸೇತುವೆಯ ದಾರಿ ಬಹಳ ಸುತ್ತು. ಹೊಳೆ ಒಣಗಿತ್ತು. ಸಾಹೇಬರು ಮೈಸೂರು ಕಡೆಯವರು.

"ಗೋಡೆ ಹತ್ತತ್ತೆ ಅಂತಿದ್ಯಲ್ಲಪ್ಪ, ಹೊಳೆ ದಾಟಲ್ವಾ?" ಅಂದರು.

ದಾಟುತ್ತದೆ ಅಂದೆ.

ಬೇಸಿಗೆಯ ಹಗರಿಯನ್ನು ಕಂಡವರಿಗೆ ಗೊತ್ತು, ಅಲ್ಲಿ ನೀರಿಗಿಂತ ಮರಳೇ ಹೆಚ್ಚು ಹರಿಯುತ್ತದೆ. ಮಧ್ಯಾಹ್ನದ ಗಾಳಿ ಎದ್ದಿತೆಂದರೆ ಮರಳು ಹೊಗೆಯ ಹಾಗೆ ನೆಲ ಸವರಿಕೊಂಡು ಹೋಗಿ, ಅಡ್ಡ ಸಿಕ್ಕದ್ದನ್ನು ಮುಚ್ಚುತ್ತದೆ. ದಡದಿಂದ ನೂರು ಹೆಜ್ಜೆ ಒಳಗೆ, ಹೊಳೆಯ ಪಾತ್ರದಲ್ಲೇ, ಗಂಡ ಹೆಂಡತಿ ಇಬ್ಬರು ಕಲ್ಲಂಗಡಿ ಹಾಕಿದ್ದರು. ತೇವ ಸಿಗುವವರೆಗೆ ಮರಳು ತೋಡಿ, ಗೊಬ್ಬರ ತುಂಬಿ, ಸಾಲು ಬಿಟ್ಟಿದ್ದರು. ಕಾಯಿಗಳು ತೆಂಗಿನಕಾಯಿಯಷ್ಟಾಗಿದ್ದವು. ಗಾಳಿ ಬರುವ ಕಡೆ ಆಪಿನ ಹುಲ್ಲನ್ನು ಹೆಣೆದು ಮಾಡಿದ ತಡಿಕೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಎಣಿಸಿದ್ದೆ, ಆರು ಇದ್ದವು. ಒಂದೊಂದೂ ಆಳೆತ್ತರ.

ನಮ್ಮನ್ನು ಕಂಡು ಆತ ಎದ್ದು ಬಂದ. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ.

"ಹೊತ್ತೇರೈತಲ್ರಿ. ನಮ್ಮ ಬಂಡಿ ಹೊತ್ತು ಹುಟ್ಟೋದ್ರಾಗ ದಾಟತಾವ, ಆವಾಗ ಮರಳು ಬಿಗಿ ಇರತೈತಿ. ಈಗ ಹಿಟ್ಟಾಗೈತಿ. ಹೋಗಾಕ ಬೇಕಂದ್ರ ನಡುವ ಮಾತ್ರ ನಿಲ್ಲಬ್ಯಾಡ್ರಿ."

"ಎತ್ತಿನ ಬಂಡಿ ಅಲ್ಲಪಾ ಇದು" ಅಂದೆ. ಕಡ್ಡಿ ಎಳೆದೆ, ಮುಂದೆ ಹೋದೆ.

ನಲವತ್ತು ಮಾರು ಹೋಗಿರಬಹುದು. ಎಂಜಿನ್ನಿನ ದನಿ ಏರಿತು, ಜೀಪು ಮಾತ್ರ ನಿಧಾನವಾಯಿತು. ನಾನು ಇನ್ನಷ್ಟು ಒತ್ತಿದೆ. ಹಿಂಭಾಗ ಕುಸಿಯಿತು, ಗಾಡಿ ನಿಂತಿತು. ಇಳಿದು ನೋಡಿದರೆ ಹಿಂದಿನ ಚಕ್ರಗಳು ಅಚ್ಚಿನವರೆಗೆ ಒಳಗಿದ್ದವು. ಸಾಹೇಬರು ಇಳಿದು, ಗಂಡ ಹೆಂಡತಿಯ ಚಪ್ಪರದ ನೆರಳಿಗೆ ಹೋಗಿ ಕೂತರು. ಬೈದಿದ್ದರೆ ಚೆನ್ನಾಗಿತ್ತು.

ಕರೆಯದೆಯೇ ಅವರಿಬ್ಬರೂ ಬಂದರು. ಆತ ಸಲಿಕೆ ತಂದ, ಆಕೆ ಕಬ್ಬಿಣದ ಪುಟ್ಟಿ ತಂದಳು. ತೋಡಿದಷ್ಟೂ ಮರಳು ಜಾರಿ ಬಂದು ತುಂಬುತ್ತಿತ್ತು. ಚಕ್ರಕ್ಕೆ ಹಿಡಿತ ಬೇಕಿತ್ತು. ನಾನು ಸುತ್ತ ನೋಡಿದೆ. ಕಂಡದ್ದು ಆ ತಡಿಕೆಗಳು.

"ಅವನ್ನ ಕೊಡ್ರಿ, ಗಾಲಿ ಕೆಳಗ ಹಾಕೋಣು."

ಆತ ತಡಿಕೆಗಳ ಕಡೆ ನೋಡಿದ, ಆಕಾಶ ನೋಡಿದ. "ಗಾಳಿ ಏಳೋ ಹೊತ್ತಾತ್ರಿ. ತಡಿಕಿ ತೆಗದ್ರ ಮರಳು ಬಳ್ಳಿ ಮ್ಯಾಲೆ ಬರತೈತಿ. ಇನ್ನ ಹದಿನೈದು ದಿನಕ್ಕ ಕಾಯಿ ಹರೀಬೇಕು. ಬ್ಯಾರೆ ಏನರ ನೋಡೋಣು."

ಆಗ ನಾನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಸಾಹೇಬ್ರು ಕುಂತಾರ ನೋಡು. ಇದು ಸರ್ಕಾರದ ಜೀಪು. ನಾಳೆ ಹೊಳ್ಯಾಗ ಬೆಳಿ ಹಾಕಾಕ ಯಾರು ಹೇಳಿದ್ರು ಅಂತ ಕೇಳಿದ್ರ ಏನಂತಿ?"

ಸಾಹೇಬರಿಗೆ ಅಂಥ ಯೋಚನೆ ಇರಲಿಲ್ಲ. ನನಗೂ ಆ ಕ್ಷಣದವರೆಗೆ ಇರಲಿಲ್ಲ. ಆತ ಹೋಗಿ ನಾಲ್ಕು ತಡಿಕೆ ಕಿತ್ತುಕೊಂಡು ಬಂದ.

ಎರಡನ್ನು ಹಿಂದಿನ ಚಕ್ರಗಳ ಕೆಳಗೆ ತುರುಕಿದೆವು, ಎರಡನ್ನು ಮುಂದಿನವುಗಳ ಕೆಳಗೆ. ನಾನು ಹತ್ತಿ ಒತ್ತಿದೆ. ಹಿಂದಿನ ತಡಿಕೆಗಳು ಚೂರುಚೂರಾಗಿ, ಹುಲ್ಲಿನ ಪುಡಿ ಅವರ ಮುಖದ ಮೇಲೆ ಹಾರಿತು. ಜೀಪು ಇನ್ನೊಂದು ಗೇಣು ಇಳಿಯಿತು.

ಆಕೆ ಮುಂದಿನ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. "ಯಣ್ಣಾ, ಈ ಗಾಲಿ ತಿರಗವಲ್ದು ನೋಡ್ರಿ. ಇಲ್ಲಿ ತಡಿಕಿ ಹಾಕಿದ್ದು ಹಾಕಿದಂಗ ಐತಿ."

"ನಿನಗೇನ್ ತಿಳೀತೈತಬೇ ಜೀಪಿಂದು? ಸುಮ್ಮನ ಮರಳು ತೋಡು."

ಆಕೆ ಮರಳು ತೋಡಿದಳು. ಅಷ್ಟರಲ್ಲಿ ಗಾಳಿ ಎದ್ದಿತು. ತಡಿಕೆ ಕಿತ್ತ ಜಾಗದಿಂದ ಮರಳು ನುಗ್ಗಿ ಬಳ್ಳಿಗಳ ಮೇಲೆ ಹರಿಯತೊಡಗಿತು. ಆತ ಸಲಿಕೆ ಬಿಟ್ಟು ಓಡಿದ, ತಲೆಯ ರುಮಾಲು ಬಿಚ್ಚಿ ಎಳೆಕಾಯಿಗಳ ಮೇಲೆ ಹಾಸಿದ, ಮತ್ತೆ ಓಡಿ ಬಂದು ಜೀಪು ನೂಕಿದ. ಹೀಗೆ ಮೂರು ನಾಲ್ಕು ಸಲ ಓಡಾಡಿದ.

ಮತ್ತೆ ಇಳಿದಾಗ ನನ್ನ ಕಣ್ಣು ಮುಂದಿನ ತಡಿಕೆಯ ಮೇಲೆ ಬಿತ್ತು. ಒಂದು ಎಸಳೂ ಮುರಿದಿರಲಿಲ್ಲ. ಅಲ್ಲಿಂದ ಕಣ್ಣು ಮೇಲಕ್ಕೆ ಹೋಯಿತು, ಬಿಲ್ಲೆಯ ಮೇಲೆ. ಅದನ್ನು ತಿರುವಿರಲೇ ಇಲ್ಲ. ಬೂಟಿನ ಮಣ್ಣು ಜಾಡಿಸುವವನ ಹಾಗೆ ಬಗ್ಗಿ ಒಂದನ್ನು ತಿರುವಿದೆ. ಆಚೆ ಬದಿಗೆ ಹೋಗಿ ಇನ್ನೊಂದನ್ನೂ ತಿರುವಿದೆ. ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು.

"ಏನ್ರಿ ಅದು?"

"ಏನಿಲ್ಲ. ಮರಳು ಹೊಕ್ಕಿತ್ತು, ಒರಸಿದೆ."

ಹತ್ತಿ ಮೆಲ್ಲಗೆ ಒತ್ತಿದೆ. ಮುಂದಿನ ಚಕ್ರಗಳು ಆ ಎರಡು ತಡಿಕೆಗಳನ್ನು ಮುರಿದು ತುಳಿದು ಹತ್ತಿದವು. ಜೀಪು ಎದ್ದು ಬಂತು. ಆತ ಚಪ್ಪಾಳೆ ತಟ್ಟಿದ. "ಭಲೇ ಡ್ರೈವರ್ ಸಾಹೇಬ್ರ! ನಮ್ಮ ತಡಿಕಿನೂ ಗಟ್ಟಿ ಇದ್ವು ಬಿಡ್ರಿ!" ಸಾಹೇಬರು ನನ್ನ ಬೆನ್ನು ತಟ್ಟಿದರು. ಇಬ್ಬರ ಹೊಗಳಿಕೆಯನ್ನೂ ನನ್ನದೆಂದೇ ತೆಗೆದುಕೊಂಡೆ.

ಹತ್ತು ದಿನದ ಮೇಲೆ ಆಚೆ ದಡದ ಅದೇ ಹಳ್ಳಿಗೆ ಒಬ್ಬನೇ ಹೋಗುವ ಕೆಲಸ ಬಿತ್ತು. ಬೆಳಗಿನ ತಂಪಿನಲ್ಲೇ ಹೊಳೆಗೆ ಇಳಿಸಿದೆ. ಇದ್ದದ್ದನ್ನು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಗಾಳಿಯ ಕಡೆಯ ಮೂರು ಸಾಲು ಇರಲಿಲ್ಲ. ಮರಳಿನ ಮೇಲೆ ಅಲ್ಲಲ್ಲಿ ಒಣಗಿದ ಬಳ್ಳಿಯ ತುದಿ ಎದ್ದಿತ್ತು. ಉಳಿದ ಸಾಲುಗಳ ಮುಂದೆ ಎರಡು ಹಳೆಯ ತಡಿಕೆ, ಒಂದು ಹೊಸದು, ಒಂದು ಹರಿದ ಸೀರೆ ನಿಂತಿದ್ದವು. ಆತ ಆಪು ಕೊಯ್ಯಲು ಹೋಗಿದ್ದ. ಆಕೆ ನೀರು ಕೊಟ್ಟಳು. ನಾನು ಕುಡಿಯುವವರೆಗೆ ಕಾದು, ಕೇಳಿದಳು.

"ಅವತ್ತ ತಿರುವಿದ್ರಲ್ಲ, ಅದನ್ನ ಮೊದಲ ತಿರುವಿದ್ರ?"

"ತಡಿಕಿ ಬೇಕಾಗತಿರಲಿಲ್ಲ" ಅಂದೆ. "ಅದನ್ನ ಹೇಳಾಕ ಬಂದೀನಿ. ನಿಮ್ಮ ಯಜಮಾನ್ರಿಗೂ ಹೇಳತೀನಿ."

ಆಕೆ ಚೆಂಬನ್ನು ಮರಳಿನಲ್ಲಿ ತಿಕ್ಕತೊಡಗಿದಳು. "ಅವರಿಗೆ ಹೇಳಬ್ಯಾಡ್ರಿ. ನಮ್ಮ ತಡಿಕಿ ಹತ್ತಿ ಸರ್ಕಾರದ ಜೀಪು ಎದ್ದು ಬಂತು ಅಂತ ಊರೆಲ್ಲಾ ಹೇಳ್ಕೊಂಡು ಬಂದಾರ. ಬೆಳಿ ಅಂತೂ ಹೋತು. ಅದೊಂದರ ಇರಲಿ."

ಅಷ್ಟರಲ್ಲಿ ಆತ ಆಪಿನ ಹೊರೆ ಹೊತ್ತು ಬಂದ. ದೂರದಿಂದಲೇ ಕೂಗಿದ. "ಬರ್ರಿ ಬರ್ರಿ! ನೀವು ಹೋದ ಮ್ಯಾಲೆ ಎಲ್ಲಾರೂ ಕೇಳೋರ, ಜೀಪು ಹೆಂಗ ಎದ್ದಿತು ಅಂತ!" ಉಳಿದ ಸಾಲಿನಿಂದ ಒಂದು ಕಾಯಿ ಕೊಯ್ದು, ಬೇಡವೆಂದರೂ ಜೀಪಿನ ಸೀಟಿನ ಮೇಲೆ ಇಟ್ಟ.

ಹೊರಡಬೇಕಿತ್ತು. ಮುಂದೆ ಹೊಳೆಯ ಮರಳು, ಹೊತ್ತೇರಿ ಆಗಲೇ ಸಡಿಲವಾಗಿತ್ತು. ಬಿಲ್ಲೆ ತಿರುವದೆ ಹೋದರೆ ಜೀಪು ಮತ್ತೆ ಹೂತುಹೋಗುತ್ತದೆ, ತಿರುವಿದರೆ ಆತ ನೋಡುತ್ತಾನೆ. ಆತನಿಗೆ ಬೆನ್ನು ಮಾಡಿ ಬಗ್ಗಿದೆ. ಆತ ಸುತ್ತಿ ಬಂದು ನನ್ನ ಪಕ್ಕದಲ್ಲೇ ಕೂತ. ಬಂಡಿಯ ಕೀಲು, ಅಚ್ಚು ಬಲ್ಲ ಮನುಷ್ಯ.

"ಇದು ಏನ್ ಮಾಡತೈತ್ರಿ?"

"ಮುಂದಿನ ಗಾಲಿಗೆ ಬಲ ಕೊಡತೈತಿ."

"ಅವತ್ತೂ ತಿರುವಿದ್ರೇನು?"

"ಹೂಂ."

"ಯಾವಾಗ?"

ಆಕೆ ದೂರದಿಂದ ನನ್ನನ್ನೇ ನೋಡುತ್ತಿದ್ದಳು. ಹಗುರವಾದ ಒಂದು ಸುಳ್ಳು ಸಾಕಿತ್ತು. ಆಕೆ ಅದನ್ನೇ ಕೇಳಿದ್ದಳು. ಅದು ಬಾಯಿಗೆ ಬರಲಿಲ್ಲ, ಅಥವಾ ಅವತ್ತಿನ ಸುಳ್ಳೇ ಇನ್ನೂ ಬಾಯಲ್ಲಿತ್ತು.

"ಕೊನಿಗೆ" ಅಂದೆ.

ಆತ ಬಿಲ್ಲೆಯನ್ನು ಒಮ್ಮೆ ಮುಟ್ಟಿ ನೋಡಿದ. ತಿರುಗಿ, ಮುಚ್ಚಿಹೋದ ಮೂರು ಸಾಲುಗಳ ಕಡೆ ನೋಡಿದ. ಎದ್ದು ನಿಂತು ಪಂಚೆಯ ಮರಳು ಕೊಡವಿಕೊಂಡ.

"ಹೋಗಿ ಬರ್ರಿ" ಅಂದ. "ನಡುವ ನಿಲ್ಲಬ್ಯಾಡ್ರಿ."

ನಾನು ನಿಲ್ಲಲಿಲ್ಲ. ಜೀಪು ಒಮ್ಮೆಯೂ ಎಳೆದಾಡದೆ ಆಚೆ ದಡ ಹತ್ತಿತು. ಹತ್ತುವಾಗ ಸೀಟಿನ ಮೇಲಿದ್ದ ಕಾಯಿ ಉರುಳಿ ನನ್ನ ತೊಡೆಗೆ ಬಂದು ತಾಗಿತು. ಬಿಸಿಲಿಗೆ ಅದು ಆಗಲೇ ಬೆಚ್ಚಗಾಗಿತ್ತು.